ರಜೆ ಚೀಟಿಯ ಜ್ವರ

ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಓದಿದವರನ್ನು ಒಂದು ಪ್ರಶ್ನೆ ಕೇಳಿ ನೋಡಬಹುದು: ತಾವು ಇಂಗ್ಲಿಷಿನಲ್ಲಿ ಬರೆದ ಮೊದಲ ಪೂರ್ಣ ವಾಕ್ಯ ಯಾವುದು? ಬಹುಮಂದಿಯ ಉತ್ತರ ಒಂದೇ. ‘ಆಸ್ ಐ ಆಮ್ ಸಫರಿಂಗ್ ಫ್ರಂ ಫೀವರ್...’ ಅದು ರಜೆ ಚೀಟಿಯ ವಾಕ್ಯ. ಊರಿನ ಜಾತ್ರೆಗೆ ಹೋದವನಿಗೂ, ಅಕ್ಕನ ಸೀಮಂತಕ್ಕೆ ಹೋದವಳಿಗೂ, ಮನೆ ಬದಲಾಯಿಸುವಾಗ ಸಾಮಾನು ಹೊತ್ತವನಿಗೂ ಬರುವುದು ಇದೇ ಜ್ವರ. ಜಾತ್ರೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ಮಗುವಿಗೆ ತಿಳಿಯದು. ‘ಸಫರಿಂಗ್’ ಎಂದರೇನೆಂದೂ ಎಷ್ಟೋ ಮಕ್ಕಳಿಗೆ ತಿಳಿಯದು. ಆದರೂ ವಾಕ್ಯದಲ್ಲಿ ತಪ್ಪಿಲ್ಲ, ಮೇಷ್ಟ್ರು ಸಹಿ ಹಾಕುತ್ತಾರೆ. ಬರೆದವರೂ ಅದನ್ನು ನಂಬುವುದಿಲ್ಲ, ಓದಿದವರೂ ನಂಬುವುದಿಲ್ಲ. ತನ್ನದಲ್ಲದ ಭಾಷೆಯಲ್ಲಿ ಬರೆಯುವುದೆಂದರೆ ಏನು ಎಂಬುದು ಮಗುವಿಗೆ ಮೊದಲು ಗೊತ್ತಾಗುವುದು ಹೀಗೆ.

ತಮಾಷೆಯೆಂದು ಇದನ್ನು ಇಲ್ಲಿಗೇ ಬಿಡಬಹುದಿತ್ತು. ಆದರೆ ಅದೇ ಮಗು ಎಸ್ಸೆಸ್ಸೆಲ್ಸಿಗೆ ಬಂದಾಗ ಪ್ರಶ್ನೆಪತ್ರಿಕೆ ಒಂದು ಪತ್ರ ಬರೆ, ಒಂದು ಪ್ರಬಂಧ ಬರೆ ಎನ್ನುತ್ತದೆ. ಆಟದ ಬಯಲಿನಲ್ಲಿ ಹರಳು ಹುರಿದಂತೆ ಮಾತನಾಡುವ ಹುಡುಗಿ ಕಾಗದದ ಮುಂದೆ ಮೂಕಿಯಾಗುತ್ತಾಳೆ. ಗೈಡಿನಲ್ಲಿ ಉರು ಹೊಡೆದ ಪ್ರಬಂಧ ಬಂದರೆ ಗೆದ್ದಳು, ಬೇರೆಯದು ಬಂದರೆ ಹಾಳೆ ಖಾಲಿ. ಆ ಖಾಲಿ ಹಾಳೆಯ ಬೆಲೆ ಕೆಲವೊಮ್ಮೆ ಒಂದು ವರ್ಷ, ಕೆಲವೊಮ್ಮೆ ಓದೇ. ‘ಹುಡುಗರಿಗೆ ಆಸಕ್ತಿಯಿಲ್ಲ’ ಎಂದು ಶಿಕ್ಷಕರೂ, ‘ತಲೆಗೆ ಹತ್ತುವುದಿಲ್ಲ’ ಎಂದು ತಂದೆತಾಯಿಗಳೂ ಸುಮ್ಮನಾಗುತ್ತಾರೆ. ನಿಜಕ್ಕೂ ಇಲ್ಲದಿರುವುದು ಆಸಕ್ತಿಯೇ?

ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಮಾದನಾಯಕನಹಳ್ಳಿಯಂಥ ಊರು ತಕ್ಕ ಜಾಗ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ನೆಲಮಂಗಲದ ಕಡೆಗೆ ಹೊರಟರೆ ಸಿಗುವ ಊರು ಇದು. ಒಂದು ಕಾಲಕ್ಕೆ ಬೆಂಗಳೂರು ಉತ್ತರ ತಾಲ್ಲೂಕಿನ ರಾಗಿ ಬೆಳೆಯುವ ಸೀಮೆ. 1970ರ ದಶಕದಿಂದ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯುತ್ತ ಬಂದ ಹಾಗೆ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ವರ್ಕ್‌ಶಾಪು, ಗೋದಾಮು, ಗಾರ್ಮೆಂಟ್ಸು, ಬಾಡಿಗೆ ವಠಾರಗಳು ಎದ್ದವು. ಪಕ್ಕದ ಮಾದಾವರದವರೆಗೆ 2024ರ ನವೆಂಬರಿನಲ್ಲಿ ಮೆಟ್ರೊ ರೈಲೂ ಬಂದಿತು. ಇಂಥ ವಠಾರಗಳ ಸಾಲಿನಲ್ಲಿ ಒಂದು ಮನೆಯವರು ರಾಯಚೂರಿನ ಕಡೆಯವರಾದರೆ ಮುಂದಿನವರು ಅನಂತಪುರದವರು, ಅದರಾಚೆಯವರು ಒಡಿಶಾದವರೋ ಬಿಹಾರದವರೋ. ಇಡೀ ಬೆಂಗಳೂರು ನಗರ ಜಿಲ್ಲೆಯಲ್ಲೇ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರ ಪಾಲು 2011ರ ಜನಗಣತಿಯಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು. ದುಡಿಮೆಗೆಂದು ಬಂದ ಇಂಥ ಮನೆಗಳ ಮಕ್ಕಳು ಹತ್ತಿರದ ಸರ್ಕಾರಿ ಶಾಲೆಗೆ ಸೇರುತ್ತಾರೆ. ಸೇರಿದ ದಿನದಿಂದ ಅವರ ದಾಖಲೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಪ್ರಥಮ ಭಾಷೆ ಕನ್ನಡ, ದ್ವಿತೀಯ ಭಾಷೆ ಇಂಗ್ಲಿಷ್, ತೃತೀಯ ಭಾಷೆ ಹಿಂದಿ. ಒಡಿಯಾ ಮಾತನಾಡುವ ಮಗುವಿಗೆ ಹಿಂದಿನ ದಿನದವರೆಗೂ ಕೇಳಿಯೇ ಗೊತ್ತಿಲ್ಲದ ಭಾಷೆ ‘ಪ್ರಥಮ’ವಾಯಿತು. ಬಿಹಾರದ ಮಗುವಿಗೆ ಮನೆಮಾತಿಗೆ ಹತ್ತಿರದ್ದು ‘ತೃತೀಯ’ವಾಯಿತು.

‘ಪ್ರಥಮ ಭಾಷೆ’ ಎಂಬ ಮಾತಿನ ಹಿಂದೆ ಒಂದು ಚರಿತ್ರೆಯಿದೆ. 1980ರಲ್ಲಿ ನೇಮಕವಾದ ವಿ.ಕೃ. ಗೋಕಾಕ್ ಸಮಿತಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಶಿಫಾರಸು ಮಾಡಿತು. 1982ರ ಚಳವಳಿ ಹೊತ್ತಿಕೊಂಡದ್ದು ಅದೇ ವರದಿಯ ಜಾರಿಗಾಗಿ. ಕೊನೆಗೆ ಪ್ರಥಮ ಭಾಷೆಗೆ 125, ಉಳಿದವಕ್ಕೆ ನೂರು ನೂರು ಎಂಬ ಲೆಕ್ಕ ನೆಲೆಯೂರಿತು. ನೆಲದ ಭಾಷೆಯ ಸ್ಥಾನಮಾನಕ್ಕಾಗಿ ನಡೆದ ಹೋರಾಟ ಅದು, ಅದರ ನ್ಯಾಯ ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಅಂಕಪಟ್ಟಿಯ ‘ಪ್ರಥಮ’ ಎಂಬುದು ರಾಜ್ಯದ ಲೆಕ್ಕದ್ದು, ಮಗುವಿನ ನಾಲಗೆಯದ್ದಲ್ಲ. ಪಾಠ ಹೇಳುವವರು ಮಾತ್ರ ಅದನ್ನು ನಾಲಗೆಯದೆಂದೇ ತಿಳಿದು ಹಳಗನ್ನಡದ ಪದ್ಯಕ್ಕೆ ಕೈಹಾಕಬೇಕಾಗುತ್ತದೆ.

ಮನೆಮಾತು ಕನ್ನಡವೇ ಆದ ಮಕ್ಕಳ ಪಾಡೂ ಅಷ್ಟೇನೂ ಹಗುರವಲ್ಲ. ಕಲಬುರಗಿಯಿಂದ ಬಂದ ಹುಡುಗ ‘ಹೋಗ್ಯಾನ’ ಎಂದು ಬರೆದರೆ ಅದು ‘ಹೋಗಿದ್ದಾನೆ’ ಎಂದು ತಿದ್ದುಪಡಿಯಾಗಿ ಹಿಂದಿರುಗುತ್ತದೆ. ಬರೆವ ಭಾಷೆ ಎಂಬುದು ಯಾರ ಮನೆಮಾತೂ ಅಲ್ಲ. ಎಲ್ಲರಿಗೂ ಅದು ಶಾಲೆಯಲ್ಲಿ ಕಲಿತದ್ದೇ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಅದರ ಕನ್ನಡ ಅರ್ಥವಾಗುವುದಿಲ್ಲವೆಂದು ಕನ್ನಡ ಬಲ್ಲವರೇ ಗೊಣಗಿದ್ದು ಓದುಗರಿಗೆ ನೆನಪಿರಬಹುದು.

ಮಾತು ಬಂದ ಮೇಲೆ ಬರೆಹ ತಾನೇ ಬರುತ್ತದೆ ಎಂಬ ನಂಬಿಕೆಯೊಂದಿದೆ. ಅದು ಪೂರ್ತಿ ನಿಜವಲ್ಲ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರ ಸುಮಾರಿಗೆ ಇದರ ಬಗ್ಗೆ ಹೇಳಿದ್ದು ಈಗ ಎಲ್ಲೆಡೆ ಚರ್ಚೆಯಾಗುವ ವಿಚಾರ. ವಲಸೆ ಬಂದ ಮಗುವಿಗೆ ಹೊಸ ನೆಲದ ಆಡುಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪಾಠ ಓದಿ, ವಿವರಿಸಿ, ವಾದಿಸಿ ಬರೆಯುವ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಆಡುವಾಗ ಎದುರಿಗಿದ್ದವನ ಮುಖ ಸಹಾಯಕ್ಕಿರುತ್ತದೆ. ಕೈ ಬೀಸಬಹುದು, ‘ಅದೇ ಅದು’ ಎನ್ನಬಹುದು. ಕಾಗದದ ಮೇಲೆ ಈ ಯಾವ ಊರುಗೋಲೂ ಇಲ್ಲ. ಬಯಲಿನಲ್ಲಿ ಕಬಡ್ಡಿಯ ಜಗಳವನ್ನು ಕನ್ನಡದಲ್ಲೇ ಆಡುವ ಹುಡುಗನಿಗೆ ಕನ್ನಡ ಬಂದೇಬಿಟ್ಟಿತೆಂದು ತಿಳಿಯುವ ಮೇಷ್ಟ್ರು, ಅವನ ಉತ್ತರಪತ್ರಿಕೆ ನೋಡಿ ಸೋಮಾರಿ ಎಂದುಕೊಳ್ಳುವುದು ಇದರಿಂದಲೇ.

ಲಿಪಿಯ ತೊಡಕೂ ಒಬ್ಬೊಬ್ಬರಿಗೆ ಒಂದೊಂದು ಬಗೆಯದು. ತೆಲುಗು ಮನೆಯ ಮಗುವಿಗೆ ಕನ್ನಡದ ಅಕ್ಷರ ಅಕ್ಕತಂಗಿಯರಂತೆ ಕಾಣುತ್ತವೆ, ತಲೆಕಟ್ಟಿನಲ್ಲಿ ಮಾತ್ರ ಮೋಸಹೋಗುತ್ತದೆ. ಹಿಂದಿಯಲ್ಲಾಗಲಿ ಒಡಿಯಾದಲ್ಲಾಗಲಿ ಹ್ರಸ್ವ ಎಕಾರ, ದೀರ್ಘ ಏಕಾರ ಎಂಬ ಭೇದವಿಲ್ಲ. ಆದ್ದರಿಂದ ‘ಬೆರೆ’ ಯಾವುದು, ‘ಬೇರೆ’ ಯಾವುದು ಎಂಬುದು ಆ ಕಿವಿಗೆ ಸುಲಭಕ್ಕೆ ದಕ್ಕದು. ‘ಳ’ಕಾರ ಒಡಿಯಾದಲ್ಲಿದೆ, ಸಾಮಾನ್ಯ ಹಿಂದಿಯಲ್ಲಿಲ್ಲ. ಹೀಗಾಗಿ ‘ಹಳ್ಳಿ’ಯನ್ನು ‘ಹಲ್ಲಿ’ ಮಾಡುವ ಮಗು ಅಜಾಗರೂಕನಲ್ಲ, ತನ್ನ ಕಿವಿಗೆ ಕೇಳಿಸಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಕನ್ನಡದ ಮಗು ಇಂಗ್ಲಿಷ್ ಬರೆಯುವಾಗ ಕ್ರಿಯಾಪದವನ್ನು ಕೊನೆಗೆ ತಳ್ಳುವುದೂ, ‘ಎ’ ‘ದಿ’ಗಳನ್ನು ಬಿಟ್ಟುಬಿಡುವುದೂ ಇದೇ ಜಾತಿಯ ತಪ್ಪು. ಇಂಥ ತಪ್ಪು ಕಲಿಕೆ ನಡೆಯುತ್ತಿರುವುದರ ಗುರುತು ಎಂದು ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ವಾದಿಸಿದ್ದರು. ಕೆಂಪು ಶಾಯಿಗೆ ಆ ಸುದ್ದಿ ತಲುಪಿದಂತಿಲ್ಲ.

ಇನ್ನು ಪ್ರೇರಣೆಯ ಮಾತು. ಒಬ್ಬನು ಪರಭಾಷೆಯನ್ನು ಏಕೆ ಕಲಿಯುತ್ತಾನೆ ಎಂಬುದನ್ನು ಶಾಸ್ತ್ರೀಯವಾಗಿ ನೋಡಲು ಹೊರಟವರಲ್ಲಿ ಮೊದಲಿಗರು ಕೆನಡಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೇಸ್ ಲ್ಯಾಂಬರ್ಟ್. ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮಕ್ಕಳನ್ನು ಕುರಿತ ಅವರ ಅಧ್ಯಯನ 1959ರಲ್ಲಿ ಹೊರಬಂದಿತು. ಪ್ರೇರಣೆಯಲ್ಲಿ ಅವರು ಎರಡು ಬಗೆ ಕಂಡರು. ಆ ಭಾಷೆಯ ಜನರೊಡನೆ ಬೆರೆಯಬೇಕು, ಅವರಲ್ಲೊಬ್ಬನಾಗಬೇಕು ಎಂಬುದು ಒಂದು. ಕೆಲಸ ಸಿಗಬೇಕು, ಪರೀಕ್ಷೆ ಪಾಸಾಗಬೇಕು ಎಂಬುದು ಇನ್ನೊಂದು. ಮೊದಲನೆಯದೇ ಹೆಚ್ಚು ಬಲವಾದದ್ದು ಎಂದು ಮಾಂಟ್ರಿಯಲ್ ಅಧ್ಯಯನ ಸೂಚಿಸಿತು. ಆದರೆ 1972ರಲ್ಲಿ ಯಾಸ್ಮೀನ್ ಲುಕ್ಮಾನಿ ಎಂಬ ಸಂಶೋಧಕಿ ಮುಂಬಯಿಯ ಮರಾಠಿ ಮನೆಮಾತಿನ ಪ್ರೌಢಶಾಲಾ ವಿದ್ಯಾರ್ಥಿನಿಯರನ್ನು ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡಿತು. ಇಂಗ್ಲಿಷರಂತಾಗಬೇಕೆಂಬ ಹಂಬಲ ಆ ಹುಡುಗಿಯರ ಕಲಿಕೆಯನ್ನು ನಡೆಸುತ್ತಿರಲಿಲ್ಲ. ತಮ್ಮ ಸಮಾಜದಲ್ಲಿ ಮುಂದೆ ಬರಲು ಅದು ಬೇಕೆಂದು ಕಂಡುಕೊಂಡವರೇ ಚೆನ್ನಾಗಿ ಕಲಿತಿದ್ದರು.

ನಮ್ಮ ನಾಡಿನಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಇಂಗ್ಲಿಷ್ ಬಂದದ್ದೇ ಉದ್ಯೋಗದ ಕೈಹಿಡಿದು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಶಾಲೆಗಳಲ್ಲಿ ಓದಿದವರಿಗೆ ಆದ್ಯತೆ ಎಂದು ಗೊತ್ತುಮಾಡಿದ ಮೇಲೆ ಗುಮಾಸ್ತನಾಗುವ ಆಸೆಯೇ ದೊಡ್ಡ ಪಠ್ಯಕ್ರಮವಾಯಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು 2007-08ರಲ್ಲಿ ತೊಡಗಿದಾಗಲೂ ಬೇಡಿಕೆ ಬಂದದ್ದು ಕೆಳಗಿನಿಂದಲೇ. ಮಷಿನ್ ಮುಂದೆ ಪಾಳಿ ದುಡಿಯುವ ತಂದೆಗೆ ಸೂಪರ್‌ವೈಸರ್ ಆಗುವುದಕ್ಕೂ ತನಗೂ ನಡುವೆ ನಿಂತಿರುವುದು ಇಂಗ್ಲಿಷು ಎಂದು ಪೀಣ್ಯದಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಮಗಳಿಗೂ ಅದು ಗೊತ್ತು. ಅಂದರೆ ಆಸಕ್ತಿಯಿಲ್ಲ ಎಂಬ ಆರೋಪ ನಿಲ್ಲುವುದಿಲ್ಲ. ಪ್ರೇರಣೆ ಬೇಕಾದಷ್ಟಿದೆ. ಆದರೆ ಅದು ಗುರಿಯಿಟ್ಟಿರುವುದು ಅಂಕಕ್ಕೆ, ಮತ್ತು ಅಂಕಕ್ಕೆ ಅತ್ಯಂತ ಹತ್ತಿರದ ದಾರಿ ಗೈಡು. ಉರು ಹೊಡೆಯುವ ಮಗು ದಡ್ಡನಲ್ಲ, ಲೆಕ್ಕ ಬಲ್ಲವನು. ತಾನು ಬರೆದದ್ದನ್ನು ಯಾರೂ ಓದುವುದಿಲ್ಲ, ತೂಗುತ್ತಾರೆ ಅಷ್ಟೆ, ಎಂಬುದು ಅವನಿಗೆ ಬೇಗ ತಿಳಿದುಹೋಗಿದೆ.

ಓದುವುದಕ್ಕೂ ತೂಗುವುದಕ್ಕೂ ಇರುವ ವ್ಯತ್ಯಾಸ ಕನ್ನಡ ಸಾಹಿತ್ಯದ ಚರಿತ್ರೆಯಲ್ಲೇ ಎದ್ದು ಕಾಣುತ್ತದೆ. ಮಲೆನಾಡಿನಿಂದ ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಸೇರಿದ ಒಬ್ಬ ಹುಡುಗ ಇಂಗ್ಲಿಷ್ ಕವಿಗಳನ್ನು ಓದಿ ಮರುಳಾಗಿ ತಾನೂ ಇಂಗ್ಲಿಷಿನಲ್ಲೇ ಬರೆದ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಅವನ ಪುಟ್ಟ ಕವನ ಸಂಕಲನವೂ ಅಚ್ಚಾಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಹುಡುಗ ತನ್ನ ಕವಿತೆಗಳನ್ನು ಅವರಿಗೆ ತೋರಿಸಿದ. ಕಸಿನ್ಸ್ ಓದಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂಬರ್ಥದ ಪ್ರಶ್ನೆ ಹಾಕಿದರು. ಆ ಹುಡುಗನೇ ಮುಂದೆ ಕುವೆಂಪು ಆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಈ ಪ್ರಸಂಗವನ್ನು ಸಾಮಾನ್ಯವಾಗಿ ಮಾತೃಭಾಷೆಯ ಗೆಲುವಿಗೆ ಸಾಕ್ಷಿಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಇನ್ನೊಂದು ಅಂಶ ಅದರಲ್ಲಿ ಅಡಗಿದೆ. ಹತ್ತೊಂಬತ್ತರ ಹುಡುಗನ ಬರೆಹವನ್ನು ಒಬ್ಬ ಕವಿ ಕೂತು ಓದಿದ, ವ್ಯಾಕರಣ ತಿದ್ದಿ ಹಿಂದಿರುಗಿಸಲಿಲ್ಲ. ಬರೆದವನು ಎಲ್ಲಿಯವನು, ಅವನಿಗೆ ಹೇಳಲಿಕ್ಕಿರುವುದು ಏನು ಎಂದು ಹುಡುಕಿದ.

ಮಾತೃಭಾಷೆಯಲ್ಲಲ್ಲದೆ ಬರೆಯಲಾಗದು ಎಂದು ಇದರಿಂದ ತೀರ್ಮಾನಿಸುವವರಿಗೆ ಕನ್ನಡವೇ ಅಡ್ಡಬರುತ್ತದೆ. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಗೋವಿಂದ ಪೈ, ಪಂಜೆ ಮಂಗೇಶರಾಯರು, ಗಿರೀಶ ಕಾರ್ನಾಡರು ಕೊಂಕಣಿಯವರು. ಜಿ.ಪಿ. ರಾಜರತ್ನಂ, ಕೈಲಾಸಂ ತಮಿಳು ಮನೆಯವರು. ಕೈಲಾಸಂ ಅಂತೂ ಮನೆಯ ತಮಿಳನ್ನು ಬಿಟ್ಟು ನಗೆನಾಟಕಕ್ಕೆ ಕನ್ನಡ, ಪುರಾಣದ ವಸ್ತುವಿಗೆ ಇಂಗ್ಲಿಷ್ ಎಂದು ಎರಡು ಪರಭಾಷೆಗಳನ್ನು ಹಂಚಿಕೊಂಡು ಬರೆದರು. ಎ.ಕೆ. ರಾಮಾನುಜನ್ ಬೆಳೆದ ಮೈಸೂರಿನ ಮನೆಯಲ್ಲಿ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷ್, ಬೀದಿಗಿಳಿದರೆ ಕನ್ನಡ. ಕನ್ನಡಕ್ಕೆ ಬಂದ ಜ್ಞಾನಪೀಠಗಳಲ್ಲಿ ಮೂರು, ಅಂದರೆ ಬೇಂದ್ರೆ, ಮಾಸ್ತಿ, ಕಾರ್ನಾಡರವು, ಮನೆಯಲ್ಲಿ ಕನ್ನಡವಾಡದವರಿಗೆ ಸಂದವು ಎಂಬುದು ಸಣ್ಣ ಸಂಗತಿಯಲ್ಲ.

ಇವರಿಗೆಲ್ಲ ಪರಭಾಷೆ ಒಲಿದದ್ದು ಹೇಗೆ? ಪ್ರತಿಭೆ ಎಂದು ಕೈತೊಳೆದುಕೊಳ್ಳಬಹುದು. ಆದರೆ ಸುತ್ತಮುತ್ತ ನೋಡಿದರೆ ಕೇಳುವ ಕಿವಿಗಳೂ ಕಾಣುತ್ತವೆ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪಿತ್ತು. ಬರೆದದ್ದನ್ನು ಅಲ್ಲಿ ಹಾಡಿ, ಓದಿ, ಜಗಳವಾಡುವ ಪರಿಪಾಠವಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದಾಗ ಎ.ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿನ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ತರಗತಿಯಲ್ಲಿ ಅಂಕಕ್ಕಾಗಿ ಬರೆಯುತ್ತಿದ್ದ ಹುಡುಗರಿಗೆ ಹೊರಗೆ ಓದುಗರಿಗಾಗಿ ಬರೆಯುವ ಒಂದು ಜಾಗ ಸಿಕ್ಕಿತು. ಕಾರ್ನಾಡರದು ಇನ್ನೂ ಸ್ವಾರಸ್ಯದ ಪ್ರಸಂಗ. ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸಿದ್ದ ಅವರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ, ಮನೆಯವರ ಆತಂಕ, ಕಟ್ಟುಪಾಡುಗಳ ನಡುವೆ, ಬಂದದ್ದು ‘ಯಯಾತಿ’, ಬಂದದ್ದು ಕನ್ನಡದಲ್ಲಿ. ತಂದೆ ಮಗನ ಯೌವನ ಬೇಡುವ ಕಥೆ ಆ ಹೊತ್ತಿನ ಅವರ ಸ್ವಂತ ಸಂಕಟಕ್ಕೆ ತಾಳೆಯಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ತುರ್ತು ಇದ್ದಾಗ ಭಾಷೆಯನ್ನು ಆಯ್ದುಕೊಳ್ಳಲು ಪುರುಸೊತ್ತಿರುವುದಿಲ್ಲ. ಕೇಳುವವರು ಇರುವ ಕಡೆಗೆ ಮಾತು ಹರಿಯುತ್ತದೆ.

ಮಾದನಾಯಕನಹಳ್ಳಿಯ ಮಕ್ಕಳಿಗೆ ಹೆಚ್ಚು ಹತ್ತಿರದವರು ಬಹುಶಃ ಬಾನು ಮುಷ್ತಾಕ್. ಮನೆಮಾತು ದಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಮಿಷನರಿ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಷರತ್ತಿನ ಹೆದರಿಕೆಯೂ ಒಂದು ಪ್ರೇರಣೆಯೇ, ಇಲ್ಲವೆನ್ನಲಾಗದು. ಆದರೆ ಹೆದರಿಕೆ ಅಕ್ಷರ ಕಲಿಸೀತು, ಕಥೆ ಬರೆಸದು. ಮುಂದೆ 1980ರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಗೆ ವರದಿ ಬರೆಯುವಾಗ, ಬಂಡಾಯ ಚಳವಳಿಯಲ್ಲಿ ಓಡಾಡುವಾಗ, ತಾವು ಕಂಡ ಹೆಣ್ಣುಮಕ್ಕಳ ಬದುಕನ್ನು ಕೇಳಲು ಕಾದಿದ್ದ ಓದುಗರು ಅವರಿಗೆ ಸಿಕ್ಕರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರನ್ನೂ ಲೇಖಕಿಯಾಗಿ ಬೆಳಕಿಗೆ ತಂದದ್ದು ಅದೇ ಪತ್ರಿಕೆ. ‘ಚಂದ್ರಗಿರಿಯ ತೀರದಲ್ಲಿ’ ಅದರಲ್ಲೇ ಧಾರಾವಾಹಿಯಾಗಿ ಬಂದಿತು. ಬಾನು ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ, 2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಲಂಡನ್ನಿನಲ್ಲಿ ಕೇಳಿಬಂದ ಕನ್ನಡ, ಶಾಲೆಯಲ್ಲಿ ಕಲಿತ ಕನ್ನಡ.

ಎಲ್ಲ ಮಕ್ಕಳೂ ಸಾಹಿತಿಗಳಾಗಬೇಕಿಲ್ಲ, ಆಗುವುದೂ ಇಲ್ಲ. ನಲವತ್ತು ಐವತ್ತು ಮಕ್ಕಳ ಸಾಮಾನ್ಯ ತರಗತಿಯಲ್ಲಿ ಏನು ಮಾಡಲು ಸಾಧ್ಯ ಎಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ಒಂದು ಉತ್ತರ ಹುಟ್ಟಿದ್ದು ಬೆಂಗಳೂರಿನಲ್ಲೇ, ಆದರೆ ಅದರ ಹೆಸರು ಬೆಂಗಳೂರಿಗಿಂತ ಹೊರಗೇ ಹೆಚ್ಚು ಪರಿಚಿತ. ಜಗತ್ತಿನ ಹಲವೆಡೆ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಪಾಠವೊಂದು ಬರುತ್ತದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳುತನದಲ್ಲಿ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲಿನ ನೆರವಿನಿಂದ, ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಕೆಲವು ಸಾಧಾರಣ ಶಾಲೆಗಳಲ್ಲಿ ನಡೆದ ಪ್ರಯೋಗ ಅದು.

ಪ್ರಭು ಅವರ ತರ್ಕ ಸರಳವಾಗಿತ್ತು. ವ್ಯಾಕರಣವನ್ನು ಸೂತ್ರವಾಗಿ ಕಲಿಸಿ ಆಮೇಲೆ ಬಳಸು ಎಂದರೆ ಮಗು ಬಳಸುವುದೇ ಇಲ್ಲ. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ. ಆದ್ದರಿಂದ ಪಾಠಕ್ಕೆ ಬದಲು ಸಮಸ್ಯೆ ಕೊಡಬೇಕು. ರೈಲಿನ ವೇಳಾಪಟ್ಟಿಯೊಂದನ್ನು ಮಕ್ಕಳ ಮುಂದಿಟ್ಟು, ಇಂಥ ಊರಿಗೆ ಮಧ್ಯಾಹ್ನದೊಳಗೆ ತಲುಪಬೇಕಾದವನು ಯಾವ ರೈಲು ಹಿಡಿಯಬೇಕು ಎಂದು ಕೇಳುವುದು. ನಕ್ಷೆಯೊಂದನ್ನು ಕೊಟ್ಟು ಅತಿ ಹತ್ತಿರದ ದಾರಿ ಹುಡುಕಿಸುವುದು. ಮೊದಲು ಶಿಕ್ಷಕರು ಇಡೀ ತರಗತಿಯೊಡನೆ ಅಂಥದೇ ಒಂದು ಸಮಸ್ಯೆಯನ್ನು ಮಾತನಾಡುತ್ತ ಬಿಡಿಸುತ್ತಾರೆ. ಆಮೇಲೆ ಮಕ್ಕಳು ಇನ್ನೊಂದನ್ನು ತಾವೇ ಬಿಡಿಸಿ ಬರೆಯಬೇಕು. ಅಂಕ ಕೊಡುವುದು ಉತ್ತರ ಸರಿಯೇ ತಪ್ಪೇ ಎಂದು ನೋಡಿ, ವಾಕ್ಯ ಸರಿಯೇ ಎಂದು ನೋಡಿ ಅಲ್ಲ. ಮಗು ತಪ್ಪಾಗಿ ಹೇಳಿದರೆ ಶಿಕ್ಷಕರು ಗದರದೆ, ಅದನ್ನೇ ಸರಿಯಾದ ರೂಪದಲ್ಲಿ ತಾವೊಮ್ಮೆ ಹೇಳಿ ಮುಂದೆ ಹೋಗುತ್ತಾರೆ.

ಇಲ್ಲಿ ಉತ್ಸಾಹ ತುಂಬುವ ಭಾಷಣವಿಲ್ಲ, ಬಹುಮಾನವಿಲ್ಲ. ಒಗಟು ಬಿಡಿಸುವ ಹಟವೇ ಪ್ರೇರಣೆ. 1985ರಲ್ಲಿ ಬ್ರಿಟನ್ನಿನ ಬೆರೆಟ್ಟಾ ಮತ್ತು ಡೇವಿಸ್ ಇದರ ಫಲಿತಾಂಶ ಪರಿಶೀಲಿಸಿದರು. ಹಳೆಯ ಕ್ರಮದಲ್ಲಿ ಕಲಿತವರು ವ್ಯಾಕರಣದ ಪರೀಕ್ಷೆಯಲ್ಲಿ ಮುಂದಿದ್ದರೂ, ಸಂದರ್ಭವಿಟ್ಟು ಭಾಷೆ ಬಳಸಬೇಕಾದ ಕಡೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಒಟ್ಟಿನಲ್ಲಿ ಫಲಿತಾಂಶ ಅನುಕೂಲಕರವೆಂದೇ ಅವರು ಹೇಳಿದರು. ಪ್ರಭು ಅವರ ಪುಸ್ತಕ 1987ರಲ್ಲಿ ಬಂದಿತು, ಕಲಿಕೆಯ ಒಂದು ದೊಡ್ಡ ಪಂಥಕ್ಕೆ ಅದು ಮೂಲಗ್ರಂಥಗಳಲ್ಲೊಂದಾಯಿತು. ಕೊರತೆಯೂ ಇತ್ತು. ಆ ಸಮಸ್ಯೆಗಳ ಉತ್ತರ ಒಂದೆರಡು ಸಾಲಿನದು. ಮಗು ತನ್ನ ಮಾತನ್ನು ಪುಟಗಟ್ಟಲೆ ಹೇಳುವ ಬರೆವಣಿಗೆಗೆ ಅದು ಹೊಸ್ತಿಲು ಮಾತ್ರ. ವೇಳಾಪಟ್ಟಿಯ ಪ್ರಯಾಣಿಕ ಕಾಲ್ಪನಿಕ, ಅವನಿಗೆ ಪತ್ರ ತಲುಪುವುದಿಲ್ಲ.

ಕೆಂಪು ಶಾಯಿಯ ವಿಚಾರದಲ್ಲಿ ವಿದ್ವಾಂಸರೊಳಗೇ ಒಮ್ಮತವಿಲ್ಲ. ಪರಭಾಷೆಯ ಬರೆಹದಲ್ಲಿ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ, ಹಾನಿಯೇ ಹೆಚ್ಚು ಎಂದು ಜಾನ್ ಟ್ರಸ್ಕಾಟ್ 1996ರಲ್ಲಿ ಬರೆದಾಗ ದೊಡ್ಡ ಗದ್ದಲವೆದ್ದಿತು. ಡೇನಾ ಫೆರಿಸ್ ಮೊದಲಾದವರು ಹಾಗಲ್ಲ, ಆಯ್ದು ತಿದ್ದಿದರೆ ಪ್ರಯೋಜನವಿದೆ ಎಂದರು. ವಾದ ಇನ್ನೂ ನಡೆದಿದೆ. ಆದರೆ ಒಂದು ಪುಟದಲ್ಲಿ ನಲವತ್ತು ಗೀಟುಗಳನ್ನು ಕಂಡ ಮಗು ಮುಂದಿನ ಬಾರಿ ಏನು ಮಾಡುತ್ತದೆ ಎಂಬುದಕ್ಕೆ ವಿದ್ವಾಂಸರು ಬೇಕಿಲ್ಲ. ಅದು ಗೊತ್ತಿರುವ ಮೂರು ವಾಕ್ಯಗಳನ್ನಷ್ಟೇ ಬರೆಯುತ್ತದೆ. ತಪ್ಪು ಕಡಿಮೆಯಾಗುತ್ತದೆ, ಅದರೊಂದಿಗೆ ಬರೆಹವೂ ಕಡಿಮೆಯಾಗುತ್ತದೆ. ಅಲ್ಲಿಂದ ಗೈಡಿಗೆ ಒಂದೇ ಹೆಜ್ಜೆ. ದಿನಕ್ಕೆ ಐದಾರು ತರಗತಿ ತೆಗೆದುಕೊಂಡು, ಪಠ್ಯ ಮುಗಿಸಿ, ಫಲಿತಾಂಶದ ಶೇಕಡಾವಾರಿಗೂ ಜವಾಬ್ದಾರರಾಗಬೇಕಾದ ಶಿಕ್ಷಕರನ್ನು ಇದಕ್ಕಾಗಿ ದೂರುವುದು ಸುಲಭ, ನ್ಯಾಯವಲ್ಲ. ಅವರ ಕೆಲಸವನ್ನೂ ಯಾರೋ ಓದದೆ ತೂಗುತ್ತಿದ್ದಾರೆ.

ಸೋಜಿಗವೆಂದರೆ, ಶಾಲೆಯಲ್ಲಿ ಖಾಲಿ ಹಾಳೆ ಕೊಡುವ ಇದೇ ಮಕ್ಕಳು ಶಾಲೆಯ ಹೊರಗೆ ಬರೆಯುತ್ತಲೇ ಇರುತ್ತಾರೆ. ಕನ್ನಡ ಬಾರದ, ಕೆಲವೊಮ್ಮೆ ಯಾವ ಅಕ್ಷರವೂ ಬಾರದ ತಂದೆತಾಯಿಗೆ ಮನೆಯ ಗುಮಾಸ್ತ ಹತ್ತು ಹನ್ನೆರಡರ ಮಗುವೇ. ಬ್ಯಾಂಕಿನ ಚಲನ್ ತುಂಬುವುದು, ಪಡಿತರ ಚೀಟಿಯ ಅರ್ಜಿ, ಆಧಾರ್ ವಿಳಾಸದ ಬದಲಾವಣೆ, ಆಸ್ಪತ್ರೆಯ ಚೀಟಿ ಓದಿ ಹೇಳುವುದು, ವಠಾರದ ಮಾಲೀಕರಿಗೆ ನೀರು ಬಾರದ್ದನ್ನು ಕನ್ನಡದಲ್ಲಿ ಮೊಬೈಲಿನಲ್ಲಿ ತಿಳಿಸುವುದು, ಎಲ್ಲವೂ ಅದರ ಪಾಲಿಗೆ. ಇಲ್ಲಿ ಒಂದಕ್ಷರ ತಪ್ಪಿದರೆ ಅಂಕ ಹೋಗುವುದಿಲ್ಲ, ಅಕ್ಕಿ ಹೋಗುತ್ತದೆ. ಆದ್ದರಿಂದ ಮಗು ಕೇಳಿ, ಕಾಡಿ, ಪಕ್ಕದವರಿಗೆ ತೋರಿಸಿ, ಮತ್ತೆ ಬರೆದು ಸರಿಮಾಡುತ್ತದೆ. ಬರೆವಣಿಗೆಯ ಶಾಸ್ತ್ರಜ್ಞರು ಕರಡು, ತಿದ್ದುಪಡಿ, ಓದುಗನ ಅರಿವು ಎಂದು ಯಾವುದನ್ನು ಹೇಳುತ್ತಾರೋ ಅದೆಲ್ಲ ಬ್ಯಾಂಕಿನ ಕಟಕಟೆಯ ಮುಂದೆ ಸದ್ದ‌ಿಲ್ಲದೆ ನಡೆದುಹೋಗುತ್ತದೆ. ಶಾಲೆಗೆ ಅದು ತಿಳಿಯುವುದೇ ಇಲ್ಲ.

ತಿಳಿದ ಕಡೆಗಳಲ್ಲಿ ಬರೆಹ ಬದಲಾಗುವುದುಂಟು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಶೌಚಾಲಯಕ್ಕೆ ಬಾಗಿಲಿಲ್ಲ, ಶಾಲೆಯ ಹೊತ್ತಿಗೆ ಬಸ್ಸಿಲ್ಲ ಎಂದು ಅಲ್ಲಿ ಕೊಡುವ ಮನವಿಗೆ ಗೈಡಿನಲ್ಲಿ ಮಾದರಿ ಸಿಗದು. ಓದುವವರು ಎದುರಿಗೆ ಕುರ್ಚಿಯ ಮೇಲೆ ಕೂತಿರುತ್ತಾರೆ, ಉತ್ತರ ಹೇಳಲೇಬೇಕು. ‘ಹಳ್ಳಿ’ ‘ಹಲ್ಲಿ’ಯಾಗಿದ್ದರೂ ಬಾಗಿಲು ಬೇಕೆಂಬುದು ಪಂಚಾಯಿತಿಯವರಿಗೆ ತಿಳಿಯುತ್ತದೆ. ಎಲ್ಲ ಕಡೆಯೂ ಈ ಸಭೆಗಳು ಚೆನ್ನಾಗಿ ನಡೆಯುತ್ತವೆ ಎಂದೇನೂ ಅಲ್ಲ. ಕೆಲವೆಡೆ ಮನವಿಯನ್ನೂ ಮೇಷ್ಟ್ರೇ ಬರೆದುಕೊಟ್ಟು ಮಗುವಿನ ಕೈಯಲ್ಲಿ ಓದಿಸಿದರೆ ಅದೂ ಇನ್ನೊಂದು ರಜೆ ಚೀಟಿ.

ಮತ್ತೆ ಆ ಚೀಟಿಗೇ ಬರುವುದಾದರೆ, ಅದರಲ್ಲಿ ಬದಲಾಯಿಸಬೇಕಾದದ್ದು ಬಹಳವಿಲ್ಲ. ಜ್ವರದ ವಾಕ್ಯವನ್ನು ಕಪ್ಪುಹಲಗೆಯಿಂದ ಒರೆಸಿ, ನಿನ್ನೆ ಯಾಕೆ ಬರಲಿಲ್ಲವೋ ಅದನ್ನೇ ಬರೆ, ಗೊತ್ತಿರುವ ಭಾಷೆಯ ಮಾತುಗಳನ್ನು ಬೆರೆಸಿಯಾದರೂ ಬರೆ ಎಂದರೆ ಮಗು ಏನು ಬರೆದೀತು? ‘ಮೈ ಫಾದರ್ ನೈಟ್ ಶಿಫ್ಟ್. ಮೈ ಮದರ್ ಗೋ ಗಾರ್ಮೆಂಟ್ಸ್. ಸ್ಮಾಲ್ ಬ್ರದರ್ ಇನ್ ಹೌಸ್ ಅಲೋನ್. ಐ ಸೀ ಬ್ರದರ್.’ ವ್ಯಾಕರಣದ ಲೆಕ್ಕದಲ್ಲಿ ನಾಲ್ಕು ಸಾಲಿಗೆ ನಾಲ್ಕೂ ತಪ್ಪು. ಆದರೆ ಅದನ್ನು ಓದಿದ ಟೀಚರು ಸಹಿ ಹಾಕಿ ಪಕ್ಕಕ್ಕಿಡಲಾರರು. ತಮ್ಮನಿಗೆ ವಯಸ್ಸೆಷ್ಟು, ಅಂಗನವಾಡಿಗೆ ಯಾಕೆ ಸೇರಿಸಿಲ್ಲ ಎಂದು ಕೇಳಬೇಕಾಗುತ್ತದೆ. ಅದಕ್ಕೆ ಆ ಹುಡುಗಿ ಉತ್ತರ ಬರೆಯಬೇಕಾಗುತ್ತದೆ.